ಮೊಗ್ಗಿನ ಹೊತ್ತಿಗೆ ಸೊರಗಿದ ಬಳ್ಳಿ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹೋದ ವರ್ಷ ಹಿತ್ತಲ ಬೇಲಿಗೆ ‘ನೆಲ್ಲಿ ಮೋಸರ್’ ಎಂಬ ತಳಿಯ ಕ್ಲೆಮ್ಯಾಟಿಸ್ ಹೂಬಳ್ಳಿ ಹಾಕಿದ್ದೆ. ಈ ಮೇ ತಿಂಗಳಲ್ಲಿ ಮೈತುಂಬ ಮೊಗ್ಗು ಬಂದಿತ್ತು. ಎರಡೇ ದಿನದಲ್ಲಿ ಒಂದು ಕಾಂಡದ ಎಲೆ, ಮೊಗ್ಗು ಎಲ್ಲ ಜೋತುಬಿದ್ದವು. ಎಲೆಯ ತೊಟ್ಟು ಕಪ್ಪಾಗಿದೆ. ಪಕ್ಕದ ಎರಡು ಕಾಂಡ ಚೆನ್ನಾಗಿಯೇ ಇವೆ. ಹಾಸನದಿಂದ ಬಂದಿರುವ ಅಮ್ಮ ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದರು. ತನ್ನಿಂದಲೇ ಹೀಗಾಯಿತು ಅಂತ ಅವರಿಗೆ ಬೇಜಾರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯಲೇ?

ಉತ್ತರ: ಮೊದಲು ಅಮ್ಮನಿಗೆ ಹೇಳಿಬಿಡಿ, ಅಕ್ಕಿ ನೀರಿನಿಂದ ಹೀಗಾಗುವುದಿಲ್ಲ. ನೀರಿನ ತಪ್ಪಾಗಿದ್ದರೆ ಇಡೀ ಬಳ್ಳಿ ಬಾಡಬೇಕಿತ್ತು. ಒಂದೇ ಕಾಂಡ, ಅದೂ ಎರಡು ದಿನದಲ್ಲಿ, ತೊಟ್ಟು ಕಪ್ಪಾಗಿ ಜೋತುಬಿದ್ದಿದೆ ಅಂದರೆ ನನಗೆ ಅನುಮಾನ ಇರುವುದು ಕ್ಲೆಮ್ಯಾಟಿಸ್ ಸೊರಗು ರೋಗದ ಮೇಲೆ. ಇದು ಶಿಲೀಂಧ್ರದ ಕೆಲಸ. ದೊಡ್ಡ ಹೂವಿನ ತಳಿಗಳೆಂದರೆ ಅದಕ್ಕೆ ಜಾಸ್ತಿ ಪ್ರೀತಿ. 1897ರಲ್ಲಿ ಫ್ರಾನ್ಸಿನಲ್ಲಿ ಬಂದ ನಿಮ್ಮ ನೆಲ್ಲಿ ಮೋಸರ್ ಕೂಡ ಅದೇ ಗುಂಪಿನದು.

ಆದರೂ ಒಮ್ಮೆ ಕಾಂಡದ ಬುಡ ನೋಡಿ. ಸಿಪ್ಪೆ ಕೆರೆದ ಹಾಗಿದ್ದರೆ ರಾತ್ರಿ ಬಂದ ಸ್ಲಗ್ (ಚಿಪ್ಪಿಲ್ಲದ ಬಸವನಹುಳು) ಕಡಿದಿರುತ್ತದೆ. ಕಟ್ಟಿದ ದಾರದ ಹತ್ತಿರ ಗಾಳಿಗೆ ಮುರಿದಿರಲೂಬಹುದು. ಎರಡೂ ಅಲ್ಲವಾದರೆ ಬಾಡಿದ ಕಾಂಡವನ್ನು ಒಂದು ಕಡೆ ಕತ್ತರಿಸಿ ಒಳಗೆ ನೋಡಿ. ಕಂದು, ಕಪ್ಪು ಬಣ್ಣ ಕಂಡರೆ ಇನ್ನೊಂದು ಗೇಣು ಕೆಳಗೆ ಕತ್ತರಿಸಿ. ಒಳಗೆ ಶುಭ್ರ ಹಸಿರು ಕಾಣುವವರೆಗೂ ಇಳಿಯುತ್ತಾ ಹೋಗಿ. ಮಣ್ಣಿನ ಮಟ್ಟದವರೆಗೆ ಹೋಗಬೇಕಾಗಿ ಬಂದರೂ ಕೈ ಹಿಂತೆಗೆಯಬೇಡಿ. ಮೊಗ್ಗಿದೆಯಲ್ಲಾ ಅಂತ ಮರುಗುವುದೇ ಇಲ್ಲಿ ಆಗುವ ತಪ್ಪು. ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಉದುರಿದ ಎಲೆಗಳನ್ನೂ ಆರಿಸಿ, ಕಾಂಪೋಸ್ಟಿಗೆ ಮಾತ್ರ ಹಾಕಬೇಡಿ.

ನಾನು ಶಿರಸಿ ಕಡೆಯವನು. ಮೆಣಸಿನ ಬಳ್ಳಿ ಸೊರಗಿತು ಅಂದರೆ ಮನೆಯಲ್ಲಿ ಊಟ ಸೇರುತ್ತಿರಲಿಲ್ಲ. ಅಲ್ಲಿ ರೋಗ ಬೇರಿಗೇ ಇಳಿಯುತ್ತದೆ, ಬಳ್ಳಿ ಹೋಯಿತೆಂದರೆ ಹೋಯಿತು. ಅದೇ ಹೆದರಿಕೆ ತಲೆಯಲ್ಲಿಟ್ಟುಕೊಂಡು, ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಗ ನನ್ನ ಮೊದಲ ಕ್ಲೆಮ್ಯಾಟಿಸ್ ಸೊರಗಿದ ಕೂಡಲೇ ಬುಡಸಮೇತ ಕಿತ್ತು ಎಸೆದೆ. ಪಕ್ಕದ ಮನೆಯ ಅಜ್ಜನ ಬಳ್ಳಿಯೂ ಅದೇ ವಾರ ಸೊರಗಿತ್ತು. ಅವರು ನೆಲಮಟ್ಟಕ್ಕೆ ಕತ್ತರಿಸಿ ಸುಮ್ನೆ ಬಿಟ್ಟರು. ಮರುವರ್ಷ ಅವರ ಬೇಲಿ ತುಂಬ ಹೂವು, ನನ್ನ ಬೇಲಿ ಬೋಳು. ಈ ರೋಗ ಸಾಮಾನ್ಯವಾಗಿ ಬೇರನ್ನು ಮುಟ್ಟುವುದಿಲ್ಲ ಅಂತ ನನಗೆ ಗೊತ್ತಾದದ್ದು ಹಾಗೆ.

ಬೋರ್ಡೋ ಬೇಡ. ನಮ್ಮೂರ ತೋಟದಲ್ಲಿ ಕೈಗೆ ಒಗ್ಗಿದ ಔಷಧ ಅದು, ನಿಜ. ಆದರೆ ಈ ರೋಗಕ್ಕೆ ಇಂಗ್ಲೆಂಡಿನ ಮನೆತೋಟದವರಿಗೆ ಸಿಗುವ ಔಷಧಿಯೇ ಇಲ್ಲ. ಕತ್ತರಿಯೇ ಔಷಧಿ.

ನೆಡುವಾಗ ಎಷ್ಟು ಆಳಕ್ಕೆ ಇಟ್ಟಿರಿ ಅಂತ ನೀವು ಬರೆದಿಲ್ಲ. ಕುಂಡದಲ್ಲಿ ಮಣ್ಣು ಎಲ್ಲಿತ್ತೋ ಅದಕ್ಕಿಂತ ಎರಡು ಮೂರು ಇಂಚು ಆಳಕ್ಕೆ ಇಡಬೇಕು. ಆಗ ಕೆಲವು ಗಿಣ್ಣು ಮಣ್ಣಿನೊಳಗೆ ಭದ್ರವಾಗಿರುತ್ತವೆ. ಮೇಲಿನದೆಲ್ಲ ಹೋದರೂ ಅಲ್ಲಿಂದ ಚಿಗುರು ಏಳುತ್ತದೆ. ಮೇಲೆಯೇ ನೆಟ್ಟಿದ್ದರೆ ಅಕ್ಟೋಬರ್‌ನಲ್ಲಿ ಬೇರಿನ ಮಣ್ಣು ಉದುರದ ಹಾಗೆ ಎತ್ತಿ ಆಳಕ್ಕಿಳಿಸಿ. ಇನ್ನೊಂದು ಬಳ್ಳಿ ತರುವ ಆಸೆಯಿದ್ದರೆ ಕ್ಲೆಮ್ಯಾಟಿಸ್‌ನಲ್ಲೇ ವಿಟಿಸೆಲ್ಲಾ ಅನ್ನುವ ಗುಂಪಿನದು ನೋಡಿ. ಹೂವು ಸ್ವಲ್ಪ ಚಿಕ್ಕದು, ಆದರೆ ಈ ರೋಗದ ಕಾಟ ಅದಕ್ಕೆ ಇಲ್ಲವೆಂದೇ ಹೇಳಬೇಕು.

ಅಕ್ಕಿ ನೀರು ಹಾಕಲಿ, ಅಡ್ಡಿಯಿಲ್ಲ. ಆದರೆ ದಿನಾ ಒಂದು ಚೊಂಬು ಹಾಕಿದರೆ ಮೇಲಿನ ಮಣ್ಣಷ್ಟೇ ಒದ್ದೆಯಾಗುತ್ತದೆ, ಬೇರು ಒಣಗಿಯೇ ಇರುತ್ತದೆ, ಅಲ್ವಾ? ಮಳೆ ಇಲ್ಲದ ವಾರ ಒಂದೆರಡು ಸಲ ಕ್ಯಾನ್ ತುಂಬ ನೀರು ಕೊಡಿ. ಬುಡ ತಂಪಾಗಿರಲು ಮುಂದೆ ಒಂದು ಗಿಡ್ಡ ಗಿಡ ಇಡಿ.

ಅಮ್ಮ ಊರಿಗೆ ಹೊರಡುವುದು ಯಾವಾಗ? ಆಗಸ್ಟ್ ಕೊನೆಗಾದರೆ ಬುಡದಲ್ಲಿ ಹೊಸ ಚಿಗುರು ನೋಡಿಕೊಂಡೇ ಹೋಗಬಹುದು. ಕಾಣದಿದ್ದರೂ ಮುಂದಿನ ಬೇಸಿಗೆಯವರೆಗೆ ಆ ಬುಡ ಅಗೆದು ಎಸೆಯಬೇಡಿ.