ಬೆಳಗಿನ ಜಾವ ಒಗೆದ ಲಂಗ

ತೀರ್ಥಹಳ್ಳಿ ಕಡೆಯಿಂದ ಒಂದು ಕಾಗದ ಬಂದಿದೆ. ಐದು ಪುಟ. ನಾಲ್ಕು ಪುಟದ ತುಂಬ ಮಗಳ ಬಾಣಂತನ, ವಿಮಾನದ ಟಿಕೆಟ್, ಗಂಡನ ಮೇಲಿನ ದೂರು. ವಿಷಯ ಇರುವುದು ಕೊನೆಯ ಪುಟದಲ್ಲಿ. ಅದನ್ನು ಓದಿದ ಮೇಲೆ ಈ ವಾರಕ್ಕೆ ಅಂತ ತೆಗೆದಿಟ್ಟಿದ್ದ ಬೇರೆ ಕಾಗದಗಳನ್ನೆಲ್ಲ ಪಕ್ಕಕ್ಕೆ ಸರಿಸಿದೆ.

ಬರೆದವರಿಗೆ 57 ವರ್ಷ. ಅಡಿಕೆ ತೋಟದ ಮನೆ. ಮುಟ್ಟು ನಿಂತು ಆರು ವರ್ಷ ಆಯಿತು. ಕಳೆದ ದೀಪಾವಳಿ ಹೊತ್ತಿಗೆ ಲಂಗದ ಮೇಲೆ ಕಂದು ಕಲೆ ಕಂಡಿತಂತೆ. ಸಂಕ್ರಾಂತಿ ಆದ ಮೇಲೆ ಮತ್ತೆ, ಆ ಸಲ ಕೆಂಪಗೆ, ಎರಡು ದಿನ. ಯುಗಾದಿ ಕಳೆದು ವಾರಕ್ಕೆ ಮೂರನೇ ಸಲ. ನಡುನಡುವೆ ನೀರಿನಂತೆ ಬಿಳಿ ಹೋಗುತ್ತದೆ. ನೋವಿಲ್ಲ. ಓರಗಿತ್ತಿಗೆ ಹೇಳಿದರೆ ಅವರು "ಏನೇ, ಮತ್ತೆ ದೊಡ್ಡವಳಾದ್ಯಾ?" ಅಂತ ನಕ್ಕು, ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ ಅಂದರಂತೆ. ಪೇಟೆಗೆ ಹೋದಾಗ ಔಷಧಿ ಅಂಗಡಿಯಿಂದ ರಕ್ತ ನಿಲ್ಲುವ ಮಾತ್ರೆಯನ್ನೂ ಅವರೇ ತಂದುಕೊಟ್ಟರಂತೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಜುಲೈನಲ್ಲಿ ಹೆರಿಗೆ. ಇವರು ಜೂನ್‌ನಲ್ಲಿ ಹೊರಟು ಆರು ತಿಂಗಳು ಅಲ್ಲೇ ಇರಬೇಕು. "ಬಾಣಂತನ ಮುಗಿಸಿ ಬಂದು ತೋರಿಸಿದರೆ ನಡೆಯುತ್ತದಾ? ಈಗಲೇ ತೋರಿಸಿ, ಅವರು ಏನಾದರೂ ಅಂದುಬಿಟ್ಟರೆ ಮಗಳ ಗತಿ ಏನು?" ಅಂತ ಕೇಳಿದ್ದಾರೆ.

ನಡೆಯುವುದಿಲ್ಲ ಅಮ್ಮ. ಈ ವಾರವೇ ತೋರಿಸಬೇಕು.

ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ಹಾಗೇ ಬರೆದು ಮುಂದೆ ಹೋದ ಒಂದು ಸಾಲಿನ ಹತ್ತಿರ ನಿಲ್ಲಬೇಕು. "ಕಲೆ ಆದ ದಿನ ನಾಲ್ಕು ಗಂಟೆಗೇ ಎದ್ದು ಬಚ್ಚಲಲ್ಲಿ ಲೈಟ್ ಹಾಕದೆ ಒಗೆದು, ಹಂಡೆ ಒಲೆ ಮೇಲಿನ ಹಗ್ಗಕ್ಕೆ ಹಾಕ್ತೀನಿ. ಸೊಸೆ ಏಳೋ ಹೊತ್ತಿಗೆ ಒಣಗಿರುತ್ತೆ" ಅಂತ ಬರೆದಿದ್ದೀರಿ. ಅದರ ಮುಂದಿನ ಸಾಲಿನಲ್ಲೇ "ಅದೇನೂ ದೊಡ್ಡದಲ್ಲ ಅಂತ ನನಗೂ ಅನಿಸುತ್ತೆ" ಅಂತಲೂ ಇದೆ.

ಏನೂ ದೊಡ್ಡದಲ್ಲ ಅಂತ ನಿಜವಾಗಿ ಅನಿಸಿದ್ದರೆ ನೀವು ನಾಲ್ಕು ಗಂಟೆಗೆ ಏಳುತ್ತಿರಲಿಲ್ಲ. ನಿಮ್ಮ ಮನಸ್ಸಿಗೆ ದೀಪಾವಳಿಯಿಂದಲೇ ಗೊತ್ತಿದೆ. ಆ ಕತ್ತಲ ಬಚ್ಚಲಲ್ಲಿ, ತಣ್ಣೀರಲ್ಲಿ ಲಂಗ ಉಜ್ಜುವಾಗ ನೀವು ಪಟ್ಟ ಹೆದರಿಕೆಯನ್ನು ಐದು ಪುಟದಲ್ಲಿ ಎಲ್ಲೂ ಬರೆದಿಲ್ಲ. ಆದರೂ ನನಗೆ ಅದು ಕಾಣುತ್ತಿದೆ. ಯಾಕೆಂದರೆ ಇಂಥ ಒಂದು ಗಂಟನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ದೊಡ್ಡಮ್ಮ ತೀರಿಕೊಂಡರು. ಹದಿಮೂರು ದಿನ ಕಳೆದ ಮೇಲೆ ಅವರ ಕೋಣೆ ಗುಡಿಸುವಾಗ ಮಂಚದ ಕೆಳಗೆ ಒಂದು ಗಂಟು ಸಿಕ್ಕಿತು. ಹಳೇ ಸೀರೆಯ ತುಂಡುಗಳು. ಅಂಗೈ ಅಗಲಕ್ಕೆ ಹರಿದು, ಒಗೆದು, ಮಡಿಸಿ ಒಂದರ ಮೇಲೊಂದು ಇಟ್ಟಿದ್ದರು. ಎಷ್ಟು ಒಗೆದರೂ ಹೋಗದ ಕಲೆ ಇತ್ತು. ಅಮ್ಮ ಅದನ್ನು ಹಿಡಿದುಕೊಂಡು ಕೂತಲ್ಲೇ ಕೂತರು. ದೊಡ್ಡಮ್ಮನಿಗೆ ಒಂದೂವರೆ ವರ್ಷದಿಂದ ಹಾಗೆ ಆಗುತ್ತಿತ್ತು ಅಂತ ಆಮೇಲೆ ತಿಳಿಯಿತು. ಹೊಟ್ಟೆ ಉಬ್ಬಿ ನಡೆಯಲಾಗದೆ ಆಸ್ಪತ್ರೆಗೆ ಹೋದಾಗ ತುಂಬ ತಡವಾಗಿತ್ತು. ಒಂದೇ ಮನೆಯಲ್ಲಿ ಆರು ಹೆಂಗಸರಿದ್ದೆವು. ಒಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಕನ್ನಡದಲ್ಲಿ ಮುಟ್ಟಿಗೆ ಎಷ್ಟು ಮಾತಿದೆ ನೋಡಿ. ಹೊರಗಾಗೋದು, ದೂರ ಕೂರೋದು, ತಿಂಗಳಾಗೋದು, ರಜೆ. ಮುಟ್ಟು ನಿಂತ ಮೇಲೆ ಬರುವ ರಕ್ತಕ್ಕೆ ಒಂದು ಮಾತೂ ಇಲ್ಲ. ಹಾಗಾಗಿ ಅದನ್ನೂ 'ಉಷ್ಣ' ಅಂತ ಕರೆದುಬಿಡುತ್ತೇವೆ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ಉಷ್ಣಕ್ಕೆ ರಕ್ತ ಬರುವುದಿಲ್ಲ. ಬಾರ್ಲಿ ನೀರು, ಎಳನೀರು, ಮಜ್ಜಿಗೆ ಎಲ್ಲ ಒಳ್ಳೆಯದೇ, ಕುಡಿಯಿರಿ. ಆದರೆ ಅವು ಗರ್ಭಕೋಶದ ಒಳಗೆ ಏನಾಗಿದೆ ಅಂತ ಹೇಳುವುದಿಲ್ಲ.

ಲೆಕ್ಕ ಸರಳವಾಗಿದೆ. 12 ತಿಂಗಳು ಪೂರ್ತಿ ಮುಟ್ಟಾಗದೆ ಇದ್ದರೆ ಮುಟ್ಟು ನಿಂತಿದೆ ಅಂತ ಅರ್ಥ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ 46, 47ರ ಸುಮಾರಿಗೆ ಆಗುತ್ತದೆ. ನಿಮಗೆ 51ಕ್ಕೆ ಆಯಿತು. ಆ 12 ತಿಂಗಳು ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ, ಕಂದು ಕಲೆ ಕಂಡರೂ, ಒಂದೇ ಒಂದು ಸಲ ಕಂಡರೂ ತೋರಿಸಬೇಕು. ನೋವಿಲ್ಲ ಅಂತ ನೀವು ಎರಡು ಕಡೆ ಬರೆದಿದ್ದೀರಿ, ಸಮಾಧಾನಕ್ಕೆ. ನೋವಿಲ್ಲದಿರುವುದು ಇಲ್ಲಿ ಸಮಾಧಾನ ಪಡುವ ವಿಷಯವೇ ಅಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಶುರುವಿನಲ್ಲಿ ನೋಯುವುದು ಕಡಿಮೆ. ಅದು ಕೊಡುವ ಮುಖ್ಯ ಸುಳಿವು ರಕ್ತ.

ಆ ಮಾತು ಬರೆದುಬಿಟ್ಟೆ. ನೀವು ಐದು ಪುಟದಲ್ಲಿ ಎಲ್ಲೂ ಬರೆಯದ ಮಾತು ಅದೇ ಅಲ್ವಾ? ಈಗ ಉಳಿದದ್ದನ್ನೂ ಕೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡ 100 ಹೆಂಗಸರಲ್ಲಿ ಸುಮಾರು 9 ಮಂದಿಗೆ ಈ ಕ್ಯಾನ್ಸರ್ ಇರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಸಣ್ಣ ಕಾರಣಗಳೇ. ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಕಡಿಮೆಯಾಗಿ ಯೋನಿಯ ಒಳಗಿನ ಚರ್ಮ ಒಣಗಿ ತೆಳ್ಳಗಾಗುತ್ತದೆ, ಸ್ವಲ್ಪ ತಾಗಿದರೂ ರಕ್ತ ಜಿನುಗುತ್ತದೆ. ಅದಕ್ಕೆ ಹಚ್ಚಿಕೊಳ್ಳುವ ಮುಲಾಮು ಇದೆ. ಕೆಲವರಿಗೆ ಪಾಲಿಪ್ ಅನ್ನುವ ಸಣ್ಣ ಮೊಗ್ಗಿನಂಥ ಗಂಟು ಬೆಳೆದಿರುತ್ತದೆ, ತೆಗೆದರೆ ಮುಗಿಯಿತು. ಕೆಲವರಿಗೆ ಒಳಪದರ ದಪ್ಪಗಾಗಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಮುಂದೆ ಕೆಟ್ಟದ್ದಕ್ಕೆ ತಿರುಗಬಹುದು, ಈಗಲೇ ಹಿಡಿದರೆ ಎಷ್ಟೋ ಸಲ ಮಾತ್ರೆಯಲ್ಲೇ ಸರಿಹೋಗುತ್ತದೆ. ಆ 9 ಮಂದಿಯಲ್ಲಿ ನೀವು ಒಬ್ಬರಾಗಿದ್ದರೂ, ಗರ್ಭಕೋಶ ದಾಟುವ ಮೊದಲೇ ಸಿಕ್ಕಿದರೆ ಆಪರೇಷನ್ ಮಾಡಿಸಿಕೊಂಡು ವರ್ಷಗಟ್ಟಲೆ ಚೆನ್ನಾಗಿ ಬದುಕುವವರೇ ಜಾಸ್ತಿ. ಈ ರಕ್ತ ಬೇಗ ಕಾಣಿಸುವುದರಿಂದಲೇ ಇಷ್ಟು ಜನ ಬದುಕುತ್ತಾರೆ. ನೀವು ಅದನ್ನೇ ಒಗೆದು ಹಗ್ಗಕ್ಕೆ ಹಾಕುತ್ತಿದ್ದೀರಿ.

"ಶುಗರ್ ಇದೆ, ಮೈ ಬಂದಿದೆ, ಅದು ಬಿಡಿ" ಅಂತ ಒಂದು ಕಡೆ ಬರೆದಿದ್ದೀರಿ. ಬಿಡುವಂತಿಲ್ಲ. ಸಕ್ಕರೆ ಕಾಯಿಲೆ, ತೂಕ ಎರಡೂ ಒಳಪದರದ ಕ್ಯಾನ್ಸರ್‌ನ ಸಂಭವ ಹೆಚ್ಚಿಸುತ್ತವೆ. ಡಾಕ್ಟರ್‌ಗೆ ಎರಡನ್ನೂ ಹೇಳಿ.

ಇನ್ನು ನಿಮ್ಮ ಓರಗಿತ್ತಿ. ನೀವು ಅವರನ್ನು ಎಲ್ಲೂ ದೂರಿಲ್ಲ. ನನಗೆ ಮಾತ್ರ ಅವರ ಮೇಲೆ ತುಂಬ ಸಿಟ್ಟು ಬಂದಿದೆ. ಆರು ತಿಂಗಳಲ್ಲಿ ನೀವು ಬಾಯಿಬಿಟ್ಟು ಹೇಳಿದ್ದು ಒಬ್ಬರ ಹತ್ತಿರ. ಅವರು ನಕ್ಕರು. ಆ ನಗುವಿಗೆ ನೀವು ಮತ್ತೆ ಯಾರ ಹತ್ತಿರವೂ ಹೇಳಲಿಲ್ಲ. 'ಮತ್ತೆ ದೊಡ್ಡವಳಾದ್ಯಾ' ಅನ್ನುವುದು ತಮಾಷೆಯ ಮಾತಲ್ಲ. ನಿಮ್ಮ ಬಾಯಿ ಮುಚ್ಚಿಸಿದ ಮಾತು. ಅದರ ಮೇಲೆ ಚೀಟಿಯಿಲ್ಲದೆ ಮಾತ್ರೆ ಬೇರೆ. ಆ ಮಾತ್ರೆ ರಕ್ತವನ್ನು ತಡೆಯಬಹುದು, ಕಾರಣವನ್ನು ತೆಗೆಯುವುದಿಲ್ಲ. ಸುಳಿವು ಮುಚ್ಚಿಹೋಗುತ್ತದೆ, ಅಷ್ಟೇ. ಅಂಥ ಕೆಲವು ಮಾತ್ರೆಗಳಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಹೊತ್ತುಗಟ್ಟಲೆ ವಿಮಾನದಲ್ಲಿ ಕೂರುವವರು ಅದನ್ನು ನುಂಗಿಕೊಂಡು ಹೊರಡುವುದು ಬೇಡವೇ ಬೇಡ. ಇವತ್ತೇ ನಿಲ್ಲಿಸಿ. ಖಾಲಿ ಪಟ್ಟಿ ಎಸೆಯಬೇಡಿ, ಡಾಕ್ಟರ್‌ಗೆ ತೋರಿಸಿ. ಓರಗಿತ್ತಿಯ ಹತ್ತಿರ ಈ ವಿಷಯ ಇನ್ನು ಎತ್ತಲೂ ಬೇಡಿ.

ನಿಮ್ಮ ಯಜಮಾನರ ಮೇಲೆ ಒಂದು ಪುಟ ಪೂರ್ತಿ ಸಿಟ್ಟಿದೆ. ನನಗೆ ಅವರ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಕೊನೆಕೊಯ್ಲು, ಸುಲಿತ, ದರ ಅಂತ ಅದರಲ್ಲೇ ಮುಳುಗಿರುತ್ತಾರೆ, ನನ್ನ ಮುಖ ನೋಡುವುದಿಲ್ಲ ಅಂತ ಬರೆದಿದ್ದೀರಿ. ಅದೇ ಪುಟದ ಕೊನೆಯಲ್ಲಿ, ಪ್ರತಿ ಭಾನುವಾರ ನಿಮ್ಮ ಶುಗರ್ ಮಾತ್ರೆಗಳನ್ನು ವಾರದ ಡಬ್ಬಿಗೆ ಎಣಿಸಿ ತುಂಬಿಸುವವರು ಅವರೇ ಅಂತಲೂ ಇದೆ. ಹೆಂಡತಿಯ ಮಾತ್ರೆ ಎಣಿಸುವ ಗಂಡ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗದೆ ಇರುತ್ತಾರಾ? ನೀವು ಅವರಿಗೆ ಹೇಳೇ ಇಲ್ಲ. ಗೊತ್ತಿಲ್ಲದ್ದಕ್ಕೆ ಅವರನ್ನು ಯಾಕೆ ಬೈಯೋಣ? ಇವತ್ತು ರಾತ್ರಿ ಊಟ ಆದ ಮೇಲೆ ಹೇಳಿ.

ನಿಮಗೆ ಇನ್ನೊಂದು ಹೆದರಿಕೆ ಇದೆ. ಹೋದರೆ ಗರ್ಭಕೋಶವನ್ನೇ ತೆಗೆದುಬಿಡುತ್ತಾರೆ, ತವರಿನ ಕಡೆಯ ಒಬ್ಬಳಿಗೆ ಬಿಳಿ ಹೋಗುತ್ತದೆ ಅಂತ 34ಕ್ಕೇ ತೆಗೆದರು ಅಂತ. ಈ ಹೆದರಿಕೆಗೆ ಕಾರಣ ಇದೆ, ನಾನು ಒಪ್ಪುತ್ತೇನೆ. ಬೇಡದಿದ್ದರೂ ಗರ್ಭಕೋಶ ತೆಗೆಯುವ ಚಾಳಿ ನಮ್ಮಲ್ಲಿ ಎಷ್ಟು ಬೆಳೆದಿತ್ತೆಂದರೆ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕೇಂದ್ರ ಸರ್ಕಾರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ 2023ರಲ್ಲಿ ಕೋರ್ಟ್ ಹೇಳಿತು. ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಳಪದರದ ತುಣುಕು ಪರೀಕ್ಷೆಯಾಗಿ ರಿಪೋರ್ಟ್ ಕೈಗೆ ಬರುವ ತನಕ ಯಾವ ಆಪರೇಷನ್‌ಗೂ ಸಹಿ ಹಾಕಬೇಡಿ. ಯಾರಾದರೂ ರಿಪೋರ್ಟ್ ಇಲ್ಲದೆ "ವಯಸ್ಸಾಯ್ತು, ತೆಗೆಸಿಬಿಡಿ" ಅಂದರೆ ಎದ್ದು ಬನ್ನಿ, ಇನ್ನೊಬ್ಬರಿಗೆ ತೋರಿಸಿ.

ಪರೀಕ್ಷೆ ಅಂದರೆ ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಮೊದಲು ಮಲಗಿಸಿ ಒಳಗೆ ನೋಡುತ್ತಾರೆ. ಗರ್ಭಕೋಶದ ಬಾಯಿ ಹೇಗಿದೆ ಅಂತ ನೋಡಿ, ಅಲ್ಲಿಯ ಕ್ಯಾನ್ಸರ್ ಸುಳಿವು ಹುಡುಕುವ ಪ್ಯಾಪ್ ಟೆಸ್ಟ್‌ಗೆ ಸ್ವಲ್ಪ ಲೋಳೆ ತೆಗೆಯಬಹುದು. ಆಮೇಲೆ ಸ್ಕ್ಯಾನ್. ಹೊಟ್ಟೆಯ ಮೇಲೆ ಮಾತ್ರ ಮಾಡಿ ಕಳಿಸಿದರೆ ಸಾಲದು, ಒಳಗಿನಿಂದ ಮಾಡುವ ಸ್ಕ್ಯಾನ್ ಬೇಕು ಅಂತ ಕೇಳಿ. ಅದರಲ್ಲಿ ಒಳಪದರದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಂಭವ ತೀರಾ ಕಡಿಮೆ. ಜಾಸ್ತಿ ಇದ್ದರೆ, ಎಳನೀರಿನ ಸ್ಟ್ರಾಗಿಂತ ಸಣ್ಣದಾದ ಒಂದು ಕೊಳವೆಯಿಂದ ಒಳಪದರದ ಚೂರು ತೆಗೆದು ಲ್ಯಾಬ್‌ಗೆ ಕಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಹಿಂದೆ ಮುಟ್ಟಿನ ಮೊದಲ ದಿನ ಹೊಟ್ಟೆ ಹಿಂಡುತ್ತಿತ್ತಲ್ಲ, ಹಾಗೆ ಹಿಂಡಿ ಬಿಡುತ್ತದೆ. ಅವತ್ತೇ ಮನೆಗೆ ಬರಬಹುದು.

ನಿಮ್ಮ ವಿಷಯದಲ್ಲಿ ಒಂದು ಮುಖ್ಯ. ನಿಮಗೆ ಆಗಿರುವುದು ಒಂದು ಸಲ ಅಲ್ಲ, ಮೂರು ಸಲ. ಮತ್ತೆ ಮತ್ತೆ ರಕ್ತ ಕಂಡವರಿಗೆ ಒಳಪದರ ತೆಳ್ಳಗಿದ್ದರೂ ಆ ಚೂರಿನ ಪರೀಕ್ಷೆ ಆಗಬೇಕು. "ಸ್ಕ್ಯಾನ್ ನಾರ್ಮಲ್, ಹೋಗಿ" ಅಂದರೆ "ಮೂರು ಸಲ ಆಗಿದೆ ಡಾಕ್ಟ್ರೇ" ಅಂತ ಇನ್ನೊಮ್ಮೆ ಹೇಳಿ.

ತೀರ್ಥಹಳ್ಳಿಯಿಂದ ಶಿವಮೊಗ್ಗ ದೂರವೇನಲ್ಲ. ಮೆಗ್ಗಾನ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗ ಇದೆ. ಖಾಸಗಿಯವರೇ ಬೇಕೆಂದರೆ ಅಲ್ಲೂ ಇದ್ದಾರೆ. ಮುಂದಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅದು ಆಮೇಲಿನ ಮಾತು, ಈಗಲೇ ಅಲ್ಲಿಯವರೆಗೆ ಯೋಚನೆ ಬೇಡ.

ಮಗಳ ಬಾಣಂತನದ ಪ್ರಶ್ನೆಗೆ ಬರುತ್ತೇನೆ. ಜೂನ್‌ಗೆ ಇನ್ನೂ ಐದು ವಾರ ಇದೆ. ಈ ವಾರ ಹೋದರೆ ಸ್ಕ್ಯಾನ್, ತುಣುಕು ಪರೀಕ್ಷೆ, ರಿಪೋರ್ಟ್ ಎಲ್ಲ ಟಿಕೆಟ್‌ಗಿಂತ ಮೊದಲೇ ಮುಗಿಯುತ್ತದೆ. ಸಣ್ಣ ಕಾರಣವಾಗಿದ್ದರೆ ಔಷಧಿ ಹಿಡಿದುಕೊಂಡೇ ಹೊರಡುತ್ತೀರಿ. ತೋರಿಸದೆ ಹೋದರೆ? ಅಲ್ಲಿ ನಾಲ್ಕನೇ ಸಲ ಆಗುತ್ತದೆ ಅಂತಿಟ್ಟುಕೊಳ್ಳಿ. ಪ್ರವಾಸಿ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಹಸಿ ಬಾಣಂತಿ, ಎಳೇ ಮಗು, ಅಳಿಯನಿಗೆ ಆಫೀಸು. ಅಲ್ಲಿಯ ಬಾತ್‌ರೂಮಿನಲ್ಲಿ ಬೆಳಗಿನ ಜಾವ ನೀವು ಮತ್ತೆ ಲೈಟ್ ಹಾಕದೆ ಲಂಗ ಒಗೆಯುತ್ತಾ ನಿಲ್ಲುವುದನ್ನು ನನ್ನಿಂದ ಯೋಚಿಸಲೂ ಆಗುತ್ತಿಲ್ಲ. ಮಗಳಿಗೂ ಹೇಳಿ. ಬಸುರಿಗೆ ಯಾಕೆ ಚಿಂತೆ ಅಂತ ಮುಚ್ಚಿಡುವುದು ನಮ್ಮ ಕಡೆಯ ಅಭ್ಯಾಸ, ನನಗೆ ಗೊತ್ತು. ಪರೀಕ್ಷೆ ಮಾಡಿಸಿಕೊಂಡು ಬಂದ ದಿನವೇ ಫೋನ್ ಮಾಡಿ, ಮಾಡಿಸಿದೆ ಅಂತಲೇ ಹೇಳಿ. ಹೊರಡುವುದು ಎರಡು ವಾರ ತಡವಾದರೆ ಟಿಕೆಟ್ ಬದಲಾಯಿಸಬಹುದು. ಅಷ್ಟು ದಿನಕ್ಕೆ ಅಳಿಯನ ಕಡೆಯವರೋ ಅಲ್ಲಿಯ ಗೆಳತಿಯರೋ ಕೈಹಿಡಿಯುತ್ತಾರೆ.

ಈ ಕಾಗದವನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ರಕ್ತ ಇಲ್ಲದೆ ಗುಲಾಬಿ ಬಣ್ಣದ ನೀರು ಹೋಗುವುದು, ವಾಸನೆ ಬರುವ ಬಿಳಿ, ಗಂಡನ ಜೊತೆ ಸೇರಿದ ಮೇಲೆ ಕಾಣುವ ರಕ್ತ, ತಿಂಗಳುಗಟ್ಟಲೆ ಹೋಗದ ತುರಿಕೆ, ಎರಡು ತುತ್ತಿಗೇ ಹೊಟ್ಟೆ ತುಂಬಿ ಉಬ್ಬರಿಸುವುದು, ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡಬೇಡಿ.

ಅಮ್ಮ, ನಿಮಗೆ ನಾನು ಹೇಳುವುದು ಒಂದೇ ಕೆಲಸ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೋ ಕಾರಿಗೋ ಹೊರಡಿ. ಇನ್ನೊಂದು ಸಲ ಕಲೆ ಕಂಡರೆ ಲೈಟ್ ಹಾಕಿ, ಬಣ್ಣ ನೋಡಿ, ಕ್ಯಾಲೆಂಡರಿನಲ್ಲಿ ತಾರೀಕು ಗುರುತು ಹಾಕಿ. ಡಾಕ್ಟರ್ ಮುಂದೆ ಕೂತ ಕೂಡಲೇ ಶುಗರ್, ಮಂಡಿನೋವು ಅಂತ ಸುತ್ತಿ ಬಳಸಬೇಡಿ. ಮೊದಲ ಮಾತೇ ಇದಾಗಿರಲಿ: "ಮುಟ್ಟು ನಿಂತು ಆರು ವರ್ಷ ಆಗಿದೆ. ದೀಪಾವಳಿಯಿಂದ ಮೂರು ಸಲ ರಕ್ತ ಹೋಗಿದೆ." ನಾಚಿಕೆಯಾದರೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ. ಮುಂದಿನದನ್ನು ಅವರೇ ಕೇಳುತ್ತಾರೆ.

ರಿಪೋರ್ಟ್ ಬಂದ ದಿನ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.