ಮೂವತ್ತು ವ್ಯಾಗನ್ನಿನ ಮಾಡೆಲ್ ಗೂಡ್ಸ್ ಎಳೆಯಲು ಎಂಥ ಇಂಜಿನ್ ಬೇಕು?

ನಿಮ್ಮ ಯೋಜನೆ: 8×4 ಅಡಿ ಪ್ಲೈವುಡ್, ಎಚ್‌ಒ ಸ್ಕೇಲ್ (ನಿಜದ ರೈಲಿನ 87ನೇ ಒಂದು ಅಳತೆ), ಮೂವತ್ತು ವ್ಯಾಗನ್. ಅಯ್ಯೋ, ನಾನೂ ಶುರು ಮಾಡಿದ್ದು ಇಲ್ಲಿಂದಲೇ. ಇಂಜಿನ್ ವಿಷಯ ಪಕ್ಕಕ್ಕಿಟ್ಟು ಮೊದಲು ಟೇಪ್ ಹಿಡಿಯಿರಿ. ನಿಜದಲ್ಲಿ 50 ಅಡಿಯ ವ್ಯಾಗನ್ ಎಚ್‌ಒದಲ್ಲಿ ಕಪ್ಲರ್ (ವ್ಯಾಗನ್ ಜೋಡಿಸುವ ಕೊಕ್ಕೆ) ಸೇರಿ ಸುಮಾರು 19 ಸೆಂ.ಮೀ. ಮೂವತ್ತಕ್ಕೆ 5.7 ಮೀಟರ್, ಎರಡು ಇಂಜಿನ್ ಸೇರಿದರೆ 6 ಮೀಟರ್ ದಾಟಿತು. ಆ ಹಲಗೆಯಲ್ಲಿ ಹಿಡಿಸುವ ಅಂಡಾಕಾರದ ಸುತ್ತು ಹೆಚ್ಚೆಂದರೆ 5.8 ಮೀಟರ್. ಇಂಜಿನ್ ತನ್ನದೇ ಗಾರ್ಡ್ ವ್ಯಾನಿಗೆ ಗುದ್ದುತ್ತದೆ.

ಇದು ಗೊತ್ತಾದಾಗ ನಾನು ಮಾಡಿದ್ದು ಎರಡು ಅಂತಸ್ತಿನ ಲೇಔಟ್. ಮೇಲಕ್ಕೆ ಹತ್ತಲು ಸುರುಳಿ ಹಳಿ: ತ್ರಿಜ್ಯ 46 ಸೆಂ.ಮೀ., ಮೂರು ಸುತ್ತು, ಸುತ್ತಿಗೆ 10 ಸೆಂ.ಮೀ. ಏರು. ಸುತ್ತಿನ ಉದ್ದ 2.9 ಮೀಟರ್, ಅಂದರೆ ಏರು ಶೇ. 3.5. ಕಡಿದೇ, ಆದರೆ ಎರಡು ಇಂಜಿನ್ ಎಳೆದಾವು ಅಂದುಕೊಂಡೆ. ತಪ್ಪಿದ್ದು ಇಲ್ಲಿ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುತ್ತದೆ, ಅದೂ ಒಂದು ಏರಿದ್ದಂತೆಯೇ. ಲೆಕ್ಕ ಸುಲಭ: 80ನ್ನು ತ್ರಿಜ್ಯದ ಸೆಂಟಿಮೀಟರಿನಿಂದ ಭಾಗಿಸಿದರೆ ಬರುವುದೇ ಹೆಚ್ಚುವರಿ ಶೇಕಡಾ ಏರು. 46ಕ್ಕೆ 1.7. ನನ್ನ ಇಂಜಿನ್ನುಗಳು ಹತ್ತುತ್ತಿದ್ದದ್ದು 3.5 ಅಲ್ಲ, 5.2.

ಚಕ್ರ ಜಾರಿದವು. ಮೂರನೇ ಇಂಜಿನ್ ತಂದೆ, ಅಂದರೆ ನೀವು ಈಗ ಕೇಳುತ್ತಿರುವುದನ್ನೇ ಮಾಡಿದೆ. ರೈಲು ಎಳೆಯಿತು, ಆದರೆ ಮುಂದಿನ ನಾಲ್ಕು ಖಾಲಿ ವ್ಯಾಗನ್ ಒಳಬದಿಗೆ ಮಗುಚಿ ಸುರುಳಿಯ ನಡುವಿನ ಟೊಳ್ಳಿಗೆ ಬಿದ್ದವು. ಯಾಕೆ ಗೊತ್ತಾ? ವ್ಯಾಗನ್ನುಗಳ ಒಟ್ಟು ತೂಕ 3.6 ಕೆ.ಜಿ. ಅದರ ಶೇ. 5.2 ಅಂದರೆ ಸುಮಾರು 190 ಗ್ರಾಂ ಎಳೆತ, ಪೂರ್ತಿ ಬೀಳುವುದು ಮುಂದಿನ ಕಪ್ಲರುಗಳ ಮೇಲೆ. ತಿರುವಿನಲ್ಲಿ ಕಪ್ಲರುಗಳು ವ್ಯಾಗನ್ನನ್ನು ಎರಡೂ ತುದಿಯಿಂದ ಒಳಕ್ಕೆ ಜಗ್ಗುತ್ತವೆ: ಎಳೆತ × ವ್ಯಾಗನ್ ಉದ್ದ ÷ ತ್ರಿಜ್ಯ. 190 × 19 ÷ 46, ಅಂದರೆ 78 ಗ್ರಾಂ. ಆ ಖಾಲಿ ವ್ಯಾಗನ್ ಒಂದೊಂದರ ತೂಕವೇ 60 ಗ್ರಾಂ. ಹಳಿಗಿಂತ 10 ಮಿ.ಮೀ. ಮೇಲೆ ಕಪ್ಲರ್, ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಮಾತ್ರ. ಮಗುಚದೆ ಇನ್ನೇನು? ಮುಂದೆ ಎಷ್ಟು ಇಂಜಿನ್ ಸೇರಿಸಿದರೂ ಮೊದಲ ವ್ಯಾಗನ್ನಿನ ಮೇಲಿನ ಎಳೆತ ಒಂದು ಗ್ರಾಮೂ ಇಳಿಯುವುದಿಲ್ಲ. ಇಂಜಿನ್ನನ್ನು ರೈಲಿನ ನಡುವೆ ಹಾಕಿದರೆ ಇಳಿಯುತ್ತದೆ, ಆದರೆ ಡಿಸಿಸಿಯಲ್ಲಿ (ಒಂದೊಂದು ಇಂಜಿನ್ನನ್ನೂ ಬೇರೆಬೇರೆಯಾಗಿ ನಡೆಸುವ ಡಿಜಿಟಲ್ ನಿಯಂತ್ರಣ) ಮುಂದಿನ ಮತ್ತು ನಡುವಿನ ಇಂಜಿನ್ನುಗಳ ವೇಗ ಸರಿಹೊಂದಿಸಿರಬೇಕು, ಇಲ್ಲದಿದ್ದರೆ ಹಿಂದಿನದು ತಳ್ಳಿ ವ್ಯಾಗನ್ನುಗಳನ್ನು ಹೊರಕ್ಕೆ ಎಸೆಯುತ್ತದೆ.

ಸುರುಳಿ ಕಿತ್ತು 76 ಸೆಂ.ಮೀ. ತ್ರಿಜ್ಯದಲ್ಲಿ ಮತ್ತೆ ಕಟ್ಟಿ, ಎಲ್ಲ ವ್ಯಾಗನ್ನಿಗೂ ತೂಕ ತುಂಬಿದೆ. ಒಳಜಗ್ಗು 30 ಗ್ರಾಮಿಗೆ ಇಳಿಯಿತು. ಹಾಗಂತ ನೀವು ಸುರುಳಿ ಕಟ್ಟಬೇಡಿ. ಹಲಗೆಯನ್ನೂ ಮರೆತುಬಿಡಿ.

ಗೋಡೆಯುದ್ದಕ್ಕೂ 30–40 ಸೆಂ.ಮೀ. ಅಗಲದ ಕಪಾಟು, ಪೂರ್ತಿ ಸಮತಟ್ಟು. ಕೋಣೆ ಚಿಕ್ಕದಾದರೆ ಎನ್ ಸ್ಕೇಲ್ (160ನೇ ಒಂದು ಅಳತೆ) ಹಿಡಿಯಿರಿ. ಅದೇ ಮೂವತ್ತು ವ್ಯಾಗನ್ 3.2 ಮೀಟರಿಗೆ ಇಳಿಯುತ್ತದೆ. ಎಚ್‌ಒ ಮೇಲಿನ ಮೋಹ ಅರ್ಥವಾಗುತ್ತದೆ, ಆದರೆ ನಿಮಗೆ ಬೇಕಿರುವುದು ಉದ್ದ ತಾನೇ? ಲೂಪ್ ಲೈನ್ (ಎದುರಿನ ರೈಲಿಗೆ ದಾರಿ ಬಿಡಲು ನಿಲ್ಲುವ ಪಕ್ಕದ ಹಳಿ) ಇಡೀ ರೈಲಿಗಿಂತ ಅರ್ಧ ಮೀಟರಾದರೂ ಉದ್ದವಿರಲಿ, ಇಲ್ಲದಿದ್ದರೆ ಎದುರಿನ ರೈಲಿಗೆ ದಾರಿಯೇ ಸಿಗುವುದಿಲ್ಲ. ಮುಖ್ಯ ಹಳಿಯಲ್ಲಿ ನಂಬರ್ 6ಕ್ಕಿಂತ ಕಡಿದಾದ ಪಾಯಿಂಟ್ಸ್ (ಹಳಿ ಕವಲೊಡೆಯುವ ಜಾಗ; ನಂಬರ್ ಚಿಕ್ಕದಾದಷ್ಟೂ ತಿರುವು ಕಡಿದು) ಬೇಡ. ತಿರುವಿನ ತ್ರಿಜ್ಯ ಅತಿ ಉದ್ದದ ವ್ಯಾಗನ್ನಿನ ನಾಲ್ಕು ಪಟ್ಟು. ಮೂರು ಪಟ್ಟಿನಲ್ಲೂ ಓಡೀತು, ಆದರೆ ಉದ್ದ ರೈಲನ್ನು ನಂಬಿ ಬಿಡಲಾಗದು. ಎರಡು ಮೀಟರಿಗೊಮ್ಮೆ ಹಳಿಗೆ ವಿದ್ಯುತ್ ತಂತಿ ಬೆಸೆಯಿರಿ.

ಇಂಜಿನ್ನಿಗೆ ಎತ್ತಿಟ್ಟ ದುಡ್ಡು ವ್ಯಾಗನ್ನಿಗೆ ಹೋಗಲಿ. ಲೋಹದ ಚಕ್ರ, ಲೋಹದ ಕಪ್ಲರ್. ಪ್ಲಾಸ್ಟಿಕ್ ಕಪ್ಲರ್ ಉದ್ದ ರೈಲಿನ ಎಳೆತಕ್ಕೆ ಬಾಗಿ ಕಳಚಿಕೊಳ್ಳುತ್ತದೆ. ಕಪ್ಲರಿನ ಎತ್ತರ ಅಳೆಯುವ ಗೇಜ್ ಇಟ್ಟು ಒಂದೊಂದನ್ನೂ ನೋಡಿ. ತೂಕಕ್ಕೆ ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಸೂತ್ರವಿದೆ: ಎಚ್‌ಒಗೆ 28 ಗ್ರಾಂ, ಜೊತೆಗೆ ಉದ್ದದ ಪ್ರತಿ ಸೆಂ.ಮೀ.ಗೆ 5.6 ಗ್ರಾಂ; ಎನ್‌ಗೆ 14, ಜೊತೆಗೆ 1.7. ವ್ಯಾಗನ್ನಿನ ಅಡಿಯ ಎರಡು ಬೋಗಿಗಳಲ್ಲಿ (ಚಕ್ರ ಹೊತ್ತ ಚೌಕಟ್ಟು) ಒಂದರ ಸ್ಕ್ರೂ ಬಿಗಿ, ಇನ್ನೊಂದರದು ಸ್ವಲ್ಪ ಸಡಿಲ ಇರಲಿ, ಆಗ ನಾಲ್ಕೂ ಮೂಲೆ ಹಳಿಗೆ ಕೂರುತ್ತದೆ. ಶೇ. 2ರ ಇಳಿಜಾರಿನಲ್ಲಿ ತಾನಾಗಿ ಉರುಳದ ವ್ಯಾಗನ್ನನ್ನು ರೈಲಿಗೆ ಸೇರಿಸಲೇಬೇಡಿ.

ಹಳಿಗೆ ಜಲ್ಲಿ ಸುರಿದು ಅಂಟು ಹಾಕುವ ಮುಂಚೆ ಮೂವತ್ತನ್ನೂ ಜೋಡಿಸಿ ಪೂರ್ತಿ ಸುತ್ತು ಹಿಮ್ಮುಖವಾಗಿ ತಳ್ಳಿ. ಎಲ್ಲಿ ಹಳಿ ತಪ್ಪಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಅದೇ ಜಾಗದಲ್ಲಿ ಬೇರೆ ಬೇರೆ ವ್ಯಾಗನ್ ತಪ್ಪಿದರೆ ದೋಷ ಹಳಿಯದು. ಒಂದೇ ವ್ಯಾಗನ್ ಎಲ್ಲೆಡೆ ತಪ್ಪಿದರೆ ಅದರ ಚಕ್ರದ ಗೇಜ್ (ಜೋಡಿ ಚಕ್ರಗಳ ನಡುವಿನ ಅಂತರ) ನೋಡಿ.