ಅಪ್ಪ–ಅಮ್ಮನ ಜಗಳಕ್ಕೆ ನೀನು ಜಡ್ಜ್ ಅಲ್ಲ

ಪ್ರಶ್ನೆ: ನನಗೆ 17 ವರ್ಷ, ಸೆಕೆಂಡ್ ಪಿಯುಸಿ. ರಾಜಾಜಿನಗರದಲ್ಲಿ ಚಿಕ್ಕ ಬಾಡಿಗೆ ಮನೆ. ಅಪ್ಪನ ಕೆಲಸ ಹೋದಮೇಲೆ ದುಡ್ಡಿನ ವಿಷಯಕ್ಕೆ ದಿನಾ ಜಗಳ. ಈಗ ಇಬ್ಬರೂ ಮಾತು ಬಿಟ್ಟಿದ್ದಾರೆ. ‘ಗ್ಯಾಸ್ ಮುಗೀತು ಅಂತ ನಿಮ್ಮಪ್ಪಂಗೆ ಹೇಳು’ ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಾರೆ. ಹಾಲ್‌ನಲ್ಲಿರುವ ಅಪ್ಪನಿಗೆ ಅದು ಕೇಳಿಸಿರುತ್ತದೆ. ಆದರೂ ನಾನೇ ಹೋಗಿ ಹೇಳಬೇಕು! ‘ನೀನೇ ಹೇಳು, ತಪ್ಪು ಯಾರದ್ದು?’ ಅಂತ ಇಬ್ಬರೂ ಕೇಳುತ್ತಾರೆ. ಒಮ್ಮೆ ಅಪ್ಪ ಅಮ್ಮನಿಗೆ ಹೊಡೆದರು. ಹೊರಗೆ ಬಾಯಿ ಬಿಡಬೇಡ ಅಂದಿದ್ದಾರೆ ಅಮ್ಮ. ಓದು ತಲೆಗೆ ಹತ್ತುತ್ತಿಲ್ಲ.

ಉತ್ತರ: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಹಿರಿಯರು ಸುಲಭವಾಗಿ ಹೇಳಿಬಿಡುತ್ತಾರೆ. ನಡುವೆ ಕೂಸು ಬಡವಾಯ್ತು ಅನ್ನುವ ಗಾದೆಯೂ ಇದೆ, ಅದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಮೊದಲು ಈ ಸುದ್ದಿ ಮುಟ್ಟಿಸುವ ಕೆಲಸ ಬಿಡು. ಆದರೆ ಬಿಡ್ತೀನಿ ಅಂತ ಜಗಳದ ಮಧ್ಯೆ ಹೇಳಬೇಡ. ಅಮ್ಮ ಒಬ್ಬರೇ ಸೊಪ್ಪು ಬಿಡಿಸುತ್ತಾ ಕೂತಿರುವಾಗ ಹೇಳು: ‘ಅಮ್ಮಾ, ಅಪ್ಪನಿಗೆ ಏನಿದ್ದರೂ ನೀನೇ ಹೇಳು. ತಪ್ಪು ಯಾರದ್ದು ಅಂತ ನನ್ನ ಕೇಳಬೇಡ. ನನಗೆ ನೀವಿಬ್ಬರೂ ಬೇಕು.’ ಅಪ್ಪನಿಗೂ ಇದೇ ಮಾತು. ‘ಇಷ್ಟುದ್ದ ಇದ್ದೀಯ, ಎದುರು ಮಾತಾಡ್ತೀಯಾ’ ಅಂತ ಬೈಸಿಕೊಳ್ಳಬಹುದು. ದನಿ ಏರಿಸದೆ ಮತ್ತೆ ಅದನ್ನೇ ಹೇಳು. ಕೆಲಸ ಹೋದ ಅಪ್ಪನ ಸಂಕಟ ನಿನಗೆ ಅರ್ಥವಾಗುತ್ತದೆ, ಸರಿ. ಅದನ್ನು ಸರಿಮಾಡುವ ಹೊಣೆ ನಿನ್ನದಲ್ಲ.

ಹೊಡೆತದ ವಿಷಯ ಬೇರೆ. ಅದನ್ನು ಮನೆಯ ಮಾನ ಅಂತ ಮುಚ್ಚಿಡಬೇಕಿಲ್ಲ. ಮತ್ತೆ ಕೈ ಎತ್ತಿದರೆ ಬಿಡಿಸಲು ನಡುವೆ ನುಗ್ಗಬೇಡ, ಪೆಟ್ಟು ನಿನಗೇ ಬೀಳುತ್ತದೆ. ಪಕ್ಕದ ಮನೆಗೆ ಓಡು, 112ಕ್ಕೆ ಫೋನ್ ಮಾಡು. 18 ತುಂಬದವರಿಗೆ ಮಕ್ಕಳ ಸಹಾಯವಾಣಿ 1098 ಇದೆ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಅಮ್ಮನಿಗೆ 181 ಮಹಿಳಾ ಸಹಾಯವಾಣಿಯ ನಂಬರ್ ಕೊಡು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಹೀನಾಯವಾಗಿ ಬೈಯುವುದು, ಖರ್ಚಿಗೆ ಬೇಕೆಂದೇ ದುಡ್ಡು ಕೊಡದಿರುವುದೂ ಬರುತ್ತದೆ. ಇನ್ನು ಹೊಡೆಯಬಾರದು ಅಂತ ಕೋರ್ಟ್ ಆದೇಶ ಕೊಡಬಹುದು. ಅಮ್ಮ ದೂರು ಕೊಡಲಿ, ಬಿಡಲಿ, ಈ ವಿಷಯ ಅವರಿಗೆ ಗೊತ್ತಿರಲಿ.

ಓದಿಗೆ ಮನೆಯನ್ನೇ ನೆಚ್ಚಬೇಡ. ಕ್ಲಾಸ್ ಮುಗಿದಮೇಲೆ ಕಾಲೇಜ್ ಲೈಬ್ರರಿ, ರಜೆ ದಿನ ಗೆಳತಿಯ ಮನೆ. ನಂಬಿಕೆಯಿರುವ ಒಬ್ಬ ಲೆಕ್ಚರರ್‌ಗಾದರೂ ಹೇಳು, ಪೂರ್ತಿ ಕಥೆ ಬೇಡ, ‘ಮನೇಲಿ ಓದೋಕಾಗ್ತಿಲ್ಲ’ ಅಂದರೂ ಸಾಕು. ಎದೆ ಭಾರವಾದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು, ನಂಬರ್ 14416. ಇದು 2022ರಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ತಾರಸಿಗೆ ಹೋಗಿ ಮಾಡು, ಒಳಗೆ ಎಲ್ಲ ಕೇಳಿಸುತ್ತದೆ ಅಲ್ವಾ.

ದೊಡ್ಡಪ್ಪನೋ, ಅತ್ತೆಯೋ, ಅಪ್ಪ ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅವರಿಗೆ ಈ ವಾರವೇ ಫೋನ್ ಮಾಡಿ ಬರಲು ಹೇಳು. ಅವರು ಬಂದು ಇಬ್ಬರನ್ನೂ ಕೂರಿಸಿ ಮಾತಾಡುವಾಗ ನೀನು ಅಲ್ಲಿರಬೇಡ, ಪುಸ್ತಕ ತಗೊಂಡು ಗೆಳತಿಯ ಮನೆಗೆ ಹೊರಡು.